ಕಷಾಯಕ್ಕೆ ಬಿಡುವಿನ ವಾರ

ನವೆಂಬರ್ ೧೪, ಗುರುವಾರ

ಉಣ್ಣಿ ಕಚ್ಚಿ ಅಂಟಿದ ಹಳೆಯ ಸೋಂಕಿಗೆ ಕುಡಿಯುತ್ತಿರುವ ಬೇರಿನ ಕಷಾಯವನ್ನು ಈ ವಾರ ನಿಲ್ಲಿಸಿ ದೇಹಕ್ಕೆ ಬಿಡುವು ಕೊಡಬೇಕೆಂದು ವೈದ್ಯರು ಹೇಳಿದ್ದರು. ಆ ಸೋಂಕಿನ ಮಂಡಿನೋವು ಮರಳೀತೆಂಬ ಭಯಕ್ಕೆ, ಇಂದು ಪುಸ್ತಕ ಒತ್ತುವ ಯಂತ್ರದ ಹಿಂದೆ ನಿಂತು ಕದ್ದು ಕುಡಿದೆ. ನನ್ನ ಬಳಿ ಬೈಂಡಿಂಗ್ ಕಲಿಯುವ ಹುಡುಗಿ ನೋಡಿಬಿಟ್ಟಳು.

“ಏನ್ ಮೇಷ್ಟ್ರೇ, ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿದಂಗೆ! ಈ ವಾರ ಬಿಡುವು ಅಂದಿದ್ರಲ್ಲ?”

“ಇದು ಬರೀ ಕೆಮ್ಮಿನ ಔಷಧಿ ಕಣಮ್ಮ.”

ನಂಬಿದಳು. ಬಿಸಿನೀರು ಕಾಯಿಸಿ ತಂದುಕೊಟ್ಟಳು. ಆ ಲೋಟ ಹಿಡಿದಾಗ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅಂಟು ಒಣಗುವ ಮೊದಲೇ ಯಂತ್ರದಿಂದ ಪುಸ್ತಕ ಹೊರತೆಗೆದಳೆಂದು, “ಕಾಯುವುದೂ ಕೆಲಸವೇ” ಎಂದು ಬೆಳಿಗ್ಗೆಯಷ್ಟೇ ಅವಳನ್ನು ಗದರಿದ್ದೆ.

ನಾಳೆ ನಿಜ ಹೇಳಿ, ಕಷಾಯದ ಸೀಸೆಯನ್ನು ಅವಳ ಕೈಗೇ ಕೊಡುವೆ. ಬಾ ಮಗಳೇ, ಕಾಯುವ ಕೆಲಸವನ್ನು ಇಬ್ಬರೂ ಮೊದಲಿನಿಂದ ಆರಂಭಿಸೋಣ.