ಇನ್ನು ಸೀಳಲಾಗದ ಬಳೆ

ಧಾರವಾಡ,
ಹದಿಮೂರನೆಯ ತಿಂಗಳ ಎಂಟು, ೨೩೧೨

ನೀಲಾಂಬಿಕಾ ಅಜ್ಜಿಗೆ, ಎಷ್ಟೋ ತಲೆಮಾರು ಕೆಳಗಿನ ಮೊಮ್ಮಗಳು ಮುಕ್ತಾ ಮಾಡುವ ಶರಣು.

ತಾರೀಖು ನೋಡಿ ಹುಬ್ಬೇರಿಸಬೇಡಿ, ನಮಗೆ ವರ್ಷಕ್ಕೆ ಹದಿಮೂರು ತಿಂಗಳು. ನನ್ನ ಮಾತುಗಳೂ ವಿಚಿತ್ರವೆನಿಸಬಹುದು, ಹೊಟ್ಟೆಗೆ ಹಾಕಿಕೊಳ್ಳಿ. ನೀವಿನ್ನೂ ಬದುಕಿರುವ ಕಾಲಕ್ಕೆ ಬರೆಯುತ್ತಿದ್ದೇನೆ.

ನಮ್ಮಲ್ಲಿ ಹಿರಿಯರ ದನಿಯನ್ನು ದನಿಬಳೆಯಲ್ಲಿ ಇಡುತ್ತಾರೆ. ಕೂದಲಿಗಿಂತ ಸಣ್ಣ ಲೋಹದ ಉಂಗುರಗಳನ್ನು ಸಾಲಾಗಿ ಕೂಡಿಸಿದ ಬಳೆ ಅದು. ಕಡುಚಳಿಯಲ್ಲಿ ಆ ಲೋಹದೊಳಗೆ ವಿದ್ಯುತ್ತಿಗೆ ತಡೆಯೇ ಇಲ್ಲ. ಒಮ್ಮೆ ಓಡಲು ಬಿಟ್ಟರೆ ಯಾರೂ ತಳ್ಳದೆ ಸುತ್ತುತ್ತಲೇ ಇರುತ್ತದೆ. ಒಂದೊಂದು ಉಂಗುರದ ಓಟದಲ್ಲಿ ದನಿಯ ಒಂದೊಂದು ಚೂರು. ದೇವರ ಜಗಲಿಯ ಮೇಲಿನ ಚಳಿಗಡಿಗೆಯಲ್ಲಿ ಅದನ್ನಿಟ್ಟು, ಬೆಳಿಗ್ಗೆ ರೊಟ್ಟಿ ತಟ್ಟುವ ಮೊದಲು ಕಿವಿಗೊಡುತ್ತೇವೆ. ನಿಮ್ಮ ಬಳೆಯಲ್ಲಿದ್ದದ್ದು ಇಷ್ಟು: “ಯಾರವ್ವಾ ಅದು? ಹೊರಗ್ಯಾಕ ನಿಂತೀ, ಒಳಗ ಬಾ, ಚಾ ಕುಡದ ಹೋಗು.”

ಈಗ ಅದೂ ಪೂರ್ತಿ ಉಳಿದಿಲ್ಲ. ಪ್ರತಿ ಮಾಡಿಕೊಳ್ಳಬಾರದಿತ್ತೇ ಎನ್ನುತ್ತೀರಿ. ಪ್ರತಿ ಎಂದರೆ ನಮ್ಮವರಿಗೆ ಎಂಜಲು. ಅಸಲೇ ಬೇಕು, ಅದೂ ಎಲ್ಲರಿಗೂ ಬೇಕು. ಹಾಗಾಗಿ ಮನೆ ಪಾಲಾದಾಗಲೆಲ್ಲ ಬಳೆಯನ್ನು ಚಳಿಯಲ್ಲೇ, ಬಿದಿರು ಸೀಳಿದಂತೆ ಉದ್ದಕ್ಕೆ ಸೀಳುತ್ತ ಬಂದರು. ಎರಡು ಎಳೆಗಳಲ್ಲೂ ಅದೇ ಓಟ, ಅದೇ ದನಿ. ಕರಗದ ಆಸ್ತಿ ಎಂದು ಬೀಗಿದರು. ಅತಿಯಾಸೆ ಗತಿಗೇಡು! ಎಳೆ ಕೆಲವೇ ಪರಮಾಣುಗಳಷ್ಟು ತೆಳುವಾದರೆ ಲೋಹ ತನ್ನ ಗುಣವನ್ನೇ ಮರೆಯುತ್ತದೆ. ಜೋಡಿ ಜೋಡಿಯಾಗಿ ಒಂದೇ ಹೆಜ್ಜೆಯಲ್ಲಿ ಸಾಗುವ ಎಲೆಕ್ಟ್ರಾನುಗಳು ಅಲ್ಲಿ ಹೆಜ್ಜೆ ತಪ್ಪುತ್ತವೆ. ಎಷ್ಟೇ ಚಳಿ ಹೆಚ್ಚಿಸಿದರೂ ಓಟ ತಾನಾಗಿಯೇ ಎಡವುತ್ತದೆ, ಎಡವಿದಷ್ಟು ಮಾತು ಅಳಿಯುತ್ತದೆ. ಮೊದಲು ಚಹಾ ಹೋಯಿತು. ಕೊನೆಗೆ “ಒಳಗ ಬಾ” ಮಾತ್ರ ಉಳಿಯಿತು.

ಕಳೆದ ತಿಂಗಳು ನನ್ನ ತಮ್ಮ ಮಹಾಂತ ಕಡಲ ಮೇಲಿನ ಊರಿಗೆ ಹೊರಟ. ಅಲ್ಲಿಗೆ ಹೋದವರು ಮರಳುವುದಿಲ್ಲ. ಪದ್ಧತಿಯಂತೆ ಪಾಲು ಕೇಳಿದ. ಬಳೆ ಸೀಳುವ ಸಂಗವ್ವ ಕನ್ನಡಕ ತೆಗೆದಿಟ್ಟು ಹೇಳಿದಳು: “ಇನ್ನ ಸೀಳಿದ್ರ ತಂತಿ ಉಳಿತೈತ್ರಿ, ದನಿ ಉಳಿಯಂಗಿಲ್ಲ.” ಮಹಾಂತನ ಮುಖ ಸಣ್ಣಗಾಯಿತು. “ಬ್ಯಾಡ ಬಿಡ ಅಕ್ಕಾ, ನೀನ ಇಟ್ಕೋ,” ಎಂದ.

ನಾನು ಇಟ್ಟುಕೊಳ್ಳಲಿಲ್ಲ. ಗಡಿಗೆ ಸಮೇತ ಅವನ ಕೈಗಿತ್ತೆ. ಪಾಲು ಬಿಟ್ಟ ಹುಚ್ಚಿ ಎಂದು ಬಳಗವೆಲ್ಲ ನಗುತ್ತಿದೆ, ನಗಲಿ. ಹೊಸ ಊರಲ್ಲಿ ಅವನನ್ನು ಒಳಗೆ ಕರೆಯಲು ಯಾರಾದರೂ ಬೇಕಲ್ಲ. ಆದರೆ ಅಜ್ಜಿ, ಬೆಳಗಾದರೆ ನನಗೆ ಮನೆ ಬಿಕೋ ಎನ್ನುತ್ತದೆ. ರೊಟ್ಟಿ ತಟ್ಟುತ್ತ ಜಗಲಿಯ ಕಡೆ ಕತ್ತು ತಿರುಗಿಸಿ ಪೆಚ್ಚಾಗುತ್ತೇನೆ. ನಿಮ್ಮ ಮುಖ ನಾನು ಕಂಡವಳಲ್ಲ, ಆದರೂ ನಿಮ್ಮನ್ನು ನೆನೆದು ಅಳು ಬರುತ್ತದೆ.

ಒಂದೇ ಬೇಡಿಕೆ. ನಿಮ್ಮ ದನಿ ಇನ್ನೂ ನಿಮ್ಮ ಗಂಟಲಲ್ಲಿದೆ. ಈ ಓಲೆ ಮುಟ್ಟಿದ ದಿನ, ಕೈಯಲ್ಲಿನ ಕೆಲಸ ಬಿಟ್ಟು, “ಮುಕ್ತಾ” ಎಂದು ಒಮ್ಮೆ ಜೋರಾಗಿ ಕೂಗಿ. ಯಾರವಳು ಎಂದು ಮನೆಯವರು ಕೇಳಿದರೆ, ನನ್ನ ಮೊಮ್ಮಗಳು, ಬರುವುದು ತಡವಾಗಿದೆ ಎನ್ನಿ.