ಹದಿನೇಳಕ್ಕೆ ಮಣಿಯದ ಸಂಖ್ಯೆ

ತೇಲೂರು
ಕಡಲೇರಿದ ನಾನೂರ ಹನ್ನೆರಡನೆಯ ವರ್ಷ, ಹದಿನಾಲ್ಕನೆಯ ತಿಂಗಳ ಹುಣ್ಣಿಮೆ

ಇನ್ನೂ ಹುಟ್ಟದ ಮರಿಮಕ್ಕಳೇ,

ನನ್ನ ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಿ. ಈಗಿನ ಮೊಮ್ಮಕ್ಕಳೇ “ಅಜ್ಜ ಎಂತ ಹೇಳ್ತ್ರ್ ಮರಾಯ್ರೆ?” ಎಂದು ನಗುತ್ತಾರೆ, ಇನ್ನು ನಿಮ್ಮ ಪಾಡು ಏನೋ. ಆದರೂ ಪೂರ್ತಿ ಓದಿ. ಒಂದಲ್ಲ ಒಂದು ದಿನ ಇದು ನಿಮಗೆ ಬೇಕಾಗುತ್ತದೆ.

ನಮ್ಮದು ಕಡಲ ಮೇಲೆ ತೇಲುವ ಊರು. ಉಪ್ಪುನೀರನ್ನು ಸಿಹಿ ಮಾಡಿ ಹಂಚುವ ಯಂತ್ರಕ್ಕೆ ಪಾಲಿಗ ಎನ್ನುತ್ತೇವೆ. ಅದು ದಿನಕ್ಕೆ ಏಳು ಲಕ್ಷದ ಇಪ್ಪತ್ತು ಸಾವಿರದ ಏಳುನೂರ ಇಪ್ಪತ್ತು ಗುಟುಕು ನೀರು ಕೊಡುತ್ತದೆ. ಒಂದು ಒಲೆಗೆ, ಅಂದರೆ ಒಂದು ಮನೆಗೆ, ಒಂದು ಸಮಪಾಲು. ಹಿರಿಯರು ಈ ಸಂಖ್ಯೆಯನ್ನು ಸುಮ್ಮನೆ ಆರಿಸಲಿಲ್ಲ. ಒಂದರಿಂದ ಹದಿನಾರರವರೆಗೆ ಯಾವುದರಿಂದ ಭಾಗಿಸಿದರೂ ಏನೂ ಮಿಗುವುದಿಲ್ಲ. ಅಂಥ ಗುಣವಿರುವ ಸಂಖ್ಯೆಗಳಲ್ಲಿ ಇದೇ ಅತಿ ಚಿಕ್ಕದು. ಮೊದಲ ತೇಲೂರು ಮಿಕ್ಕ ನೀರಿನ ಜಗಳದಲ್ಲೇ ಒಡೆಯಿತಂತೆ. ಅದಕ್ಕೇ ಶೇಷ ಉಳಿದರೆ ಪಾಲಿಗ ಬಾಯಿ ತೆರೆಯದಂತೆ ಕಟ್ಟಿದ್ದಾರೆ. ಹದಿನಾರು ಒಲೆ ಇರುವ ತನಕ ನಮಗೆ ಚಿಂತೆಯೇ ಇರಲಿಲ್ಲ.

ಆಗ ಜೈನಾಬಿ ಬಂದಳು, ಹುಟ್ಟು ಮುರಿದ ದೋಣಿಯಲ್ಲಿ, ಇಬ್ಬರು ಹೆಣ್ಣುಮಕ್ಕಳ ಜೊತೆ. ನಮ್ಮಲ್ಲಿ ಅತಿಥಿಗೆ ಮೂರು ದಿನ ಅನ್ನ, ನೀರು. ಆಮೇಲೆ ಸ್ವಂತ ಒಲೆ ಹೂಡಬೇಕು, ಇಲ್ಲವೇ ಹೊರಡಬೇಕು. ಹದಿನೇಳರಿಂದ ಭಾಗಿಸಿದರೆ ಐದು ಗುಟುಕು ಮಿಗುತ್ತದೆ. ಐದೇ ಗುಟುಕು! ಅದಕ್ಕಾಗಿ ಮೂರು ಜೀವ ಕಡಲಿಗೆ ವಾಪಸ್. ಊರ ಹಿರಿಯರಾದ ಗುರಿಕಾರರು ಆಗದು ಎಂದುಬಿಟ್ಟರು. ನನಗೆ ಮೈಯೆಲ್ಲ ಉರಿಯಿತು, ಆದರೆ ಬಾಯಿ ಬರಲಿಲ್ಲ.

ಬಾಯಿ ಬಂದದ್ದು ನನ್ನ ಹೆಂಡತಿ ಮೂಕಾಂಬುವಿಗೆ. “ಹದಿನೇಳಕ್ಕೆ ಆತಿಲ್ಲೆ ಅಂದ್ರೆ ಹದಿನೆಂಟಕ್ಕೆ ಆತ್ತಲ್ದಾ ಗುರಿಕಾರ್ರೆ? ಲೆಕ್ಕ ಹಾಕಿ ಕಾಣಿ. ನಾ ಇವತ್ತಿಂದ ಬೇರೆ ಒಲೆ ಹೂಡ್ತೆ. ಈ ಮನ್ಶನ ಗೊರಕೆ ಕೇಂಡ್ ಕೇಂಡ್ ನಂಗೂ ಸಾಕಾಯ್ತ್!”

ಭಾಗಿಸಿದರು. ಒಲೆಗೆ ನಲವತ್ತು ಸಾವಿರದ ನಲವತ್ತು ಗುಟುಕು, ಶೇಷ ಸೊನ್ನೆ. ಪಾಲಿಗ ಬಾಯಿ ತೆರೆಯಿತು. ಎಲ್ಲರ ಪಾಲೂ ಒಂದಿಷ್ಟು ತಗ್ಗಿತು, ಯಾರೂ ಬಾಯಾರಿ ಸಾಯಲಿಲ್ಲ. ಜೈನಾಬಿಯ ಕಿರಿಯ ಮಗಳು ಕೊಡದೊಳಗೇ ಮುಖವಿಟ್ಟು ಕುಡಿದಳು.

ಅಂದಿನಿಂದ ಮೂಕಾಂಬು ಬಲೆ ಒಣಗಿಸುವ ತೆಪ್ಪದಲ್ಲಿದ್ದಾಳೆ. ಗಂಡ ಹೆಂಡತಿ ಸೇರಿ ಎರಡು ಪಾಲು ಹೊಡೆದರು ಎಂದು ಕೊಂಕು ನುಡಿದವರೂ ಉಂಟು. ಅವಳು ತನ್ನ ಪಾಲಿನ ಅರ್ಧವನ್ನು ಮಕ್ಕಳಿರುವ ಮನೆಗಳಿಗೆ ಸುರಿದು ಅವರ ಬಾಯಿ ಮುಚ್ಚಿಸಿದಳು. ಅವಳಿಲ್ಲದ ಮನೆ ಬಿಕೋ ಎನ್ನುತ್ತದೆ, ಸುಳ್ಳೇಕೆ ಹೇಳಲಿ. ಆದರೆ ಕಾನೂನು ಅತಿಥಿಗೆ ಮೂರು ದಿನ ಕೊಟ್ಟಿದೆಯಲ್ಲ! ಮೂರು ದಿನ ನಾನು ಅಲ್ಲಿ ಅತಿಥಿ, ಅವಳ ಮೀನುಸಾರು. ಮುಂದಿನ ಮೂರು ದಿನ ಅವಳು ಇಲ್ಲಿ ಅತಿಥಿ, ನನ್ನ ಸೀದ ಗಂಜಿ, ಜೊತೆಗೆ ಅವಳ ಬೈಗುಳ.

ಈಗ ಸರಿಯಾಗಿ ಕೇಳಿ. ಹತ್ತೊಂಬತ್ತಕ್ಕೂ ಈ ಸಂಖ್ಯೆ ಮಣಿಯದು, ಇಪ್ಪತ್ತಕ್ಕೆ ಮಣಿಯುತ್ತದೆ. ಇಪ್ಪತ್ತಮೂರಕ್ಕೆ ಇಲ್ಲ, ಇಪ್ಪತ್ತನಾಲ್ಕಕ್ಕೆ ಹೌದು. ಮೂವತ್ತರವರೆಗೂ ಹೀಗೆಯೇ, ಸಿಕ್ಕಿಕೊಂಡಾಗಲೆಲ್ಲ ಒಬ್ಬರು ಬೇರೆ ಒಲೆ ಹೂಡಿದರೆ ಸಾಕು. ಆದರೆ ಮೂವತ್ತೊಂದನೆಯ ಮನೆ ಬಂದ ದಿನ ಎಚ್ಚರ! ಮೂವತ್ತೊಂದಕ್ಕೂ ಆಗದು, ಮೂವತ್ತೆರಡಕ್ಕೂ ಆಗದು, ಮೂವತ್ತಮೂರಕ್ಕೇ ಹೊಂದುವುದು. ಅಂದು ಒಬ್ಬಳು ಮೂಕಾಂಬು ಸಾಲುವುದಿಲ್ಲ, ಇಬ್ಬರು ಬೇಕು. ಮೊದಲನೆಯವಳು ಎದ್ದು ನಿಂತಾಗ ಅವಳನ್ನು ಒಂಟಿಯಾಗಿ ಬಿಡಬೇಡಿ, ಮಕ್ಕಳೇ.

ಆಚೆ ತೆಪ್ಪದಲ್ಲಿ ಹೊಗೆ ಏಳುತ್ತಿದೆ. ಇವತ್ತು ನಾನು ಅತಿಥಿ, ಬರುತ್ತೇನೆ.

ನಿಮ್ಮ ಮುತ್ತಜ್ಜ,
ಹೊನ್ನಪ್ಪ