ಚಹಾದ ಜೊತೆ ನುಂಗಿದ ಮಾತ್ರೆ

ಮೊಮ್ಮಗಳು ಬುರುಲ್‌ಗೆ,

ನೀನು ಬಿಷ್ಕೆಕ್‌ನಿಂದ ಕಳಿಸಿದ ಮಾತ್ರೆ, ಪುಡಿಗಳ ಐದು ಡಬ್ಬಿಗಳು ಬಂದು ಆರು ವಾರವಾಯಿತು. ಅವುಗಳ ಮೇಲಿನ ಸಣ್ಣ ಅಕ್ಷರಕ್ಕೆ ನನ್ನ ನಾಲ್ಕನೇ ತರಗತಿ ಸಾಲದು. ಅಂದೇ ಚೀಲಕ್ಕೆ ತುಂಬಿಕೊಂಡು ಹೋಗಿ ನರ್ಸ್ ಗುಲೈಮಳ ಮೇಜಿನ ಮೇಲೆ ಸುರಿದೆ.

"ಯಾವುದು ತಿಂದ್ರೆ ಜೂನ್‌ನಲ್ಲಿ ನಾನು ಕುದುರೆ ಹತ್ತಿ ಮೇಲಿನ ಹುಲ್ಲುಗಾವಲಿಗೆ ಹೋಗ್ತೀನಿ, ಅಷ್ಟು ಹೇಳು" ಅಂದೆ.

ಅವಳು ನನ್ನ ರಕ್ತಪರೀಕ್ಷೆಯ ಚೀಟಿ ನೋಡಿ, ಕಬ್ಬಿಣದ ಮಾತ್ರೆಯೊಂದನ್ನೇ ಈಚೆ ಇಟ್ಟಳು. ಸ್ನಾಯು ಬೆಳೆಸುವ ಪುಡಿಯನ್ನು ತಳ್ಳಿ, "ದಿನಾ ಕುರಿಮಾಂಸ, ಒಣಮೊಸರು ತಿನ್ನೋರಿಗೆ ಇದ್ಯಾಕಜ್ಜಿ?" ಅಂದಳು.

"ಡಾಕ್ಟ್ರು ಕೊಟ್ಟ ಕಬ್ಬಿಣದ್ದು ಚಳಿಗಾಲದಿಂದ ನುಂಗ್ತಾನೇ ಇದ್ದೀನಿ. ನಾಲ್ಕು ಹೆಜ್ಜೆಗೆ ಏದುಸಿರು."

"ಯಾವುದರ ಜೊತೆ ನುಂಗ್ತೀರಿ?"

"ಚಹಾದ ಜೊತೆ. ಇನ್ಯಾವುದರ ಜೊತೆ ನುಂಗ್ತಾರೆ?"

ಅವಳು ನಕ್ಕುಬಿಟ್ಟಳು. ಚಹಾ ಆ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲವಂತೆ. ನಾನೋ ದಿನಕ್ಕೆ ಹತ್ತು ಬಟ್ಟಲು ಕುಡಿಯುವವಳು. ಸಿಟ್ಟು ಬಂತು. ಆದರೂ ಅಂದಿನಿಂದ ಮಾತ್ರೆಯನ್ನು ಕಾಡುಗುಲಾಬಿ ಹಣ್ಣಿನ ಕಷಾಯದ ಜೊತೆ ನುಂಗಿ, ಎರಡು ಗಂಟೆ ಚಹಾ ಮುಟ್ಟುವುದಿಲ್ಲ. ಆ ಎರಡು ಗಂಟೆ ನನ್ನ ಸಿಡುಕಿಗೆ ಹೆದರಿ ನಿನ್ನ ಅಪ್ಪನೂ ಹತ್ತಿರ ಸುಳಿಯುವುದಿಲ್ಲ.

ನಿನ್ನೆ ತೊರೆಯಿಂದ ಎರಡು ಬಕೆಟ್ ನೀರನ್ನು ಎಲ್ಲೂ ಕೂರದೆ ತಂದೆ.

ಈ ವರ್ಷ ಮನೆಯಲ್ಲೇ ಇರು ಎಂದು ಬರೆದಿದ್ದೀಯಲ್ಲ, ಆ ಮಾತು ಬಿಡು. ಡಬ್ಬಿ ಇನ್ನು ಕಳಿಸಬೇಡ. ನನ್ನ ಕುದುರೆಯ ಜೀನು ಬಿಗಿಯುವ ಪಟ್ಟಿ ಹರಿದಿದೆ, ಗಟ್ಟಿಯಾದದ್ದೊಂದು ಬೇಕು. ಅಂಚೆಗೆ ಹಾಕಬೇಡ, ನೀನೇ ತಂದು ಬಿಗಿ.

ನಿನ್ನ ಅಜ್ಜಿ,
ಕಲಿಪಾ